ಸೂಜಿಗೆ ಸೈ, ಗುಳ್ಳಕ್ಕೆ ಬೇಡ

ಮೆಡಿಕಲ್ ಶಾಪಿನಿಂದ ತಂದ ಇನ್ಸುಲಿನ್ ಬಾಟಲಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದಿ ನೋಡಿ. ಔಷಧದ ಹೆಸರಿನ ಆಸುಪಾಸಿನಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ‘ಆರ್-ಡಿಎನ್‌ಎ ಒರಿಜಿನ್’ ಎಂದು ಅಚ್ಚಾಗಿರುತ್ತದೆ. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸಿ, ಅದರಿಂದ ಮಾಡಿಸಿಕೊಂಡ ಔಷಧ ಇದು. ನೇರವಾಗಿ ಹೇಳಬೇಕೆಂದರೆ ಕುಲಾಂತರಿ ಜೀವಿಯ ಉತ್ಪನ್ನ. ಇದನ್ನು ವಿರೋಧಿಸಿ ನಮ್ಮಲ್ಲಿ ಯಾರೂ ಧರಣಿ ಕೂತಿಲ್ಲ. ಊಟಕ್ಕೆ ಮೊದಲು ಹೊಟ್ಟೆಗೆ ಇದನ್ನೇ ಚುಚ್ಚಿಕೊಂಡು, ಆಮೇಲೆ ತಟ್ಟೆಯ ಮುಂದೆ ಕೂತು ‘ಈ ಬಿಟಿ-ಗಿಟಿ ತರಕಾರಿ ಎಲ್ಲ ನಮಗೆ ಬೇಡಪ್ಪ’ ಎನ್ನುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಇದು ಇಬ್ಬಂದಿತನ ಎಂದು ಕುಲಾಂತರಿ ಪರ ಇರುವವರು ಹಂಗಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಆ ಹಿರಿಯರ ಮಾತಿನೊಳಗೆ ಒಂದು ಲೆಕ್ಕಾಚಾರವಿದೆ.

ಮೊದಲು ಇನ್ಸುಲಿನ್ ಕಥೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದ ಮೇಲೆ ಸುಮಾರು ಆರು ದಶಕ ಸಕ್ಕರೆ ಕಾಯಿಲೆಯವರ ಜೀವ ಉಳಿಸಿದ್ದು ಕಸಾಯಿಖಾನೆ. ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯನ್ನು ಅರೆದು, ಶುದ್ಧಮಾಡಿ ತೆಗೆದ ಇನ್ಸುಲಿನ್ ಅದು. ಕಾಲು ಕಿಲೋ ಕೂಡ ಆಗದಷ್ಟು ಇನ್ಸುಲಿನ್‌ಗೆ ಎರಡು ಟನ್‌ಗೂ ಮಿಕ್ಕಿ ಹಂದಿಯ ಅಂಗಗಳು ಬೇಕಾಗುತ್ತಿದ್ದವು. ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಗಳಲ್ಲಿ ಇದನ್ನು ಚುಚ್ಚಿಸಿಕೊಂಡವರಿದ್ದರು, ಎಲ್ಲಿಂದ ಬಂತೆಂದು ಕೇಳದೆ. 1978ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿಯವರು ಇ. ಕೋಲೈ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೂ ಮುಂಚೆ, 1997ರಲ್ಲೇ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದೇ ವಿದ್ಯೆಯಿಂದ ಹೆಪಟೈಟಿಸ್-ಬಿ ಲಸಿಕೆ ಮಾಡಿತ್ತು. ಆಮದು ಲಸಿಕೆಯ ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದವರಿಗೂ ಆಮೇಲೆ ಅದು ಎಟುಕಿತು.

ಈ ಯೀಸ್ಟು ಕೆಲಸ ಮಾಡುವುದು ಉಕ್ಕಿನ ಮುಚ್ಚಿದ ಟ್ಯಾಂಕಿನೊಳಗೆ. ಕೆಲಸ ಮುಗಿದ ಮೇಲೆ ಅದನ್ನು ಕೊಂದು, ಸೋಸಿ, ಇನ್ಸುಲಿನ್ ಮಾತ್ರ ಹೊರತೆಗೆಯುತ್ತಾರೆ. ಬಾಟಲಿಯಲ್ಲಿ ಜೀವಿ ಇರುವುದಿಲ್ಲ, ಅದು ಮರಿ ಹಾಕುವುದಿಲ್ಲ, ಪಕ್ಕದ ಮನೆಯ ಫ್ರಿಜ್ಜಿಗೆ ಹಬ್ಬುವುದಿಲ್ಲ. ಬದಲಾವಣೆ ಅಲ್ಲಿಗೇ ನಿಂತಿತು.

ಹೊಲದ ಕಥೆ ಹೀಗಲ್ಲ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತಾ ಇದನ್ನು ಮೊದಲು ಗುರುತಿಸಿದ್ದು ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದು ಶತ್ರುವೇ! ಇದರ ಪ್ರೋಟೀನು ಪತಂಗದ ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಗೋಡೆಗೆ ಅಂಟಿ, ತೂತು ಕೊರೆಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲವಿದೆ, ಅಂಟಿಕೊಳ್ಳಲು ಆ ಕೊಂಡಿಯೂ ಇಲ್ಲ. ಹಾಗಾಗಿ ‘ಬಿಟಿ ತಿಂದರೆ ಹುಳು ಸತ್ತಂತೆ ಮನುಷ್ಯನೂ ಸಾಯುತ್ತಾನೆ’ ಎಂಬ ಭಾಷಣಕ್ಕೆ ಆಧಾರವಿಲ್ಲ. ವಿರೋಧಿಗಳು ಇಂಥ ಮಾತುಗಳಿಂದ ತಮ್ಮ ಒಳ್ಳೆಯ ವಾದವನ್ನೂ ಹಾಳುಮಾಡಿಕೊಂಡಿದ್ದಾರೆ.

ಮಾಹಿಕೋ ಕಂಪನಿ ಈ ಬ್ಯಾಕ್ಟೀರಿಯಾದ ಜೀನನ್ನು ಬದನೆಗೆ ಸೇರಿಸಿತು. ಕಾರಣ ಸಣ್ಣದಲ್ಲ. ಕುಡಿ ಮತ್ತು ಕಾಯಿ ಕೊರಕದ ಕಾಟ ಬದನೆ ಬೆಳೆದವರನ್ನು ಕೇಳಬೇಕು. ಹುಳು ಒಳಹೊಕ್ಕ ಮೇಲೆ ಔಷಧಿ ತಾಗುವುದಿಲ್ಲ. ಹೊಗುವ ಮೊದಲೇ ಹೊಡೆಯಬೇಕೆಂದು ಬೆಳೆಗಾರ ಮತ್ತೆ ಮತ್ತೆ ಸಿಂಪಡಿಸುತ್ತಾನೆ, ಕೆಲವೊಮ್ಮೆ ಕೊಯ್ಲಿನ ಹಿಂದಿನ ದಿನವೂ. ಸಂತೆಯಲ್ಲಿ ಫಳಫಳ ಹೊಳೆಯುವ ಕಾಯಿಗಿಂತ ಒಂದು ತೂತಿರುವ ಕಾಯಿಯೇ ವಾಸಿ ಎನ್ನುವ ಗೃಹಿಣಿಯರು ಸುಮ್ಮನೆ ಹೇಳುವುದಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಯೋಜನೆಯಲ್ಲಿ ಪಾಲುದಾರನಾಗಿತ್ತು. ಮಲಾಪುರ ಲೋಕಲ್, ಕುಡಚಿ ಲೋಕಲ್, ಉಡುಪಿ ಲೋಕಲ್ ಮುಂತಾದ ನಮ್ಮದೇ ತಳಿಗಳಿಗೆ ಜೀನ್ ದಾಟಿಸುವ ಕೆಲಸ ಅಲ್ಲಿ ನಡೆಯಿತು.

ಉಡುಪಿ ಎಂದ ಕೂಡಲೇ ಕಟಪಾಡಿ ಬಳಿಯ ಮಟ್ಟು ಗ್ರಾಮದವರ ಕಿವಿ ನೆಟ್ಟಗಾಯಿತು. ಅಲ್ಲಿನ ಬದನೆ ಮಟ್ಟುಗುಳ್ಳ ದುಂಡಗೆ, ತಿಳಿಹಸಿರು ಮೈಮೇಲೆ ಬಿಳಿ ಗೆರೆ, ತೆಳು ಸಿಪ್ಪೆ. ಹುಳಿಗೆ ಹಾಕಿದರೆ ತಿರುಳು ಬೆಂದು ಬೆಣ್ಣೆಯಾಗುತ್ತದೆ, ಕಹಿ ಇಲ್ಲ. ಬೀಜ ಕೊಟ್ಟವರು ಸೋದೆ ಮಠದ ವಾದಿರಾಜರು ಎಂಬುದು ಊರಿನ ನಂಬಿಕೆ. ಕೃಷ್ಣಮಠದ ಪರ್ಯಾಯಕ್ಕೆ ಗುಳ್ಳದ ಹೊರೆಕಾಣಿಕೆ ಹೋಗುವುದು ಇಂದಿಗೂ ಇದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಈ ಊರಿನವರ ಆತಂಕ ಗುಳ್ಳ ತಿಂದು ಯಾರೋ ಸಾಯುತ್ತಾರೆಂಬುದಲ್ಲ. ಪಕ್ಕದ ಗದ್ದೆಯ ಬಿಟಿ ಹೂವಿನ ಪರಾಗ ದುಂಬಿಯ ಕಾಲಿಗಂಟಿ ಬಂದರೆ, ಮುಂದಿನ ವರ್ಷ ತಾವೇ ಒಣಗಿಸಿ ಎತ್ತಿಟ್ಟ ಬೀಜ ತಮ್ಮದಾಗಿ ಉಳಿದಿರುತ್ತದೆಯೇ? ಇದಕ್ಕೆ ಪ್ರಯೋಗಾಲಯದ ಇಲಿಗಳ ಮೇಲಿನ ವರದಿ ಉತ್ತರವಾಗುವುದಿಲ್ಲ.

2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ಅಂಕಿತ ಹಾಕದೆ ಏಳು ನಗರಗಳಲ್ಲಿ ಜನರ ಎದುರು ಕೂತರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ಆಯುರ್ವೇದ ವೈದ್ಯರು, ಬೀಜ ಕಂಪನಿಯವರು ಎಲ್ಲರೂ ಸೇರಿ ಗದ್ದಲವೋ ಗದ್ದಲ. ಮೂರು ದಿನದ ಬಳಿಕ ಬಿಟಿ ಬದನೆಗೆ ತಡೆ ಬಿತ್ತು, ಅದು ಈಗಲೂ ಇದೆ. ವಿಜ್ಞಾನದ ಪ್ರಶ್ನೆಯನ್ನು ಸಂತೆಯಲ್ಲಿ ಕೂತು ತೀರ್ಮಾನಿಸಿದರು ಎಂಬ ಟೀಕೆ ಬಂತು. ಆದರೆ ಆ ಸಭೆಗಳಲ್ಲಿ ಎದ್ದ ಪ್ರಶ್ನೆಗಳಲ್ಲಿ ಬೀಜದ ಒಡೆತನ, ಬೆಲೆ, ಪರೀಕ್ಷೆ ಮಾಡಿದವರು ಯಾರು ಎಂಬಂಥವೂ ಇದ್ದವು. ಅವನ್ನು ಸಂತೆಯಲ್ಲಲ್ಲದೆ ಇನ್ನೆಲ್ಲಿ ಕೇಳಬೇಕು? ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅನುಮತಿ ಪಡೆಯದೆ ಬಳಸಿದರೆಂಬ ಆರೋಪ ಕೋರ್ಟಿನ ಮೆಟ್ಟಿಲೇರಿದ್ದೂ ಆಮೇಲೆಯೇ. ಇತ್ತ ಬಾಂಗ್ಲಾದೇಶ 2013ರಲ್ಲಿ ಅದೇ ತಂತ್ರದ ಬದನೆಗೆ ಒಪ್ಪಿಗೆ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿತು. ಕೀಟನಾಶಕದ ಬಳಕೆ ಇಳಿದಿದೆ ಎಂದು ಅಲ್ಲಿನ ಅಧ್ಯಯನಗಳು ಹೇಳಿವೆ. ಇದನ್ನೂ ಮುಚ್ಚಿಡಬಾರದು.

ಹತ್ತಿಯಲ್ಲಿ ನಾವು ಜನರನ್ನು ಕೇಳದೆ ಹೊರಟೆವು. 1998ರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಭಾಗದಲ್ಲಿ ಬಿಟಿ ಹತ್ತಿಯ ಪ್ರಯೋಗ ನಡೆಯುತ್ತಿದೆ ಎಂಬ ಸುದ್ದಿ ಹಬ್ಬಿದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಗಿಡ ಕಿತ್ತು ಬೆಂಕಿ ಹಚ್ಚಿತು. ಹೊಲದ ಮಾಲೀಕನಿಗೇ ತಾನು ಬಿತ್ತಿದ್ದು ಏನೆಂದು ತಿಳಿಸಿರಲಿಲ್ಲ ಎಂಬುದು ಸಂಘದ ಆರೋಪ. ಆ ಹತ್ತಿಯಲ್ಲಿ ಮೊಳೆಯದ ‘ಟರ್ಮಿನೇಟರ್’ ಬೀಜದ ತಂತ್ರವಿದೆ ಎಂಬ ಪುಕಾರು ಸುಳ್ಳಾಗಿತ್ತು. ತಿಳಿಸದಿದ್ದರೆ ಪುಕಾರೇ ಮಾಹಿತಿಯಾಗುತ್ತದೆ. 2002ರ ಮಾರ್ಚ್‌ನಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲೇ ಗುಜರಾತಿನಲ್ಲಿ ಕಳ್ಳಬೀಜ ಸಾವಿರಾರು ಎಕರೆಯಲ್ಲಿ ಬೆಳೆದು ನಿಂತಿತ್ತು. ಸಂಘಟನೆಗಳು ಸುಟ್ಟಿದ್ದನ್ನು ರೈತರೇ ಹುಡುಕಿಕೊಂಡು ಹೋಗಿ ಬಿತ್ತಿದರು. ಮೊದಮೊದಲ ವರ್ಷಗಳಲ್ಲಿ ಸಿಂಪಡಣೆಯ ಖರ್ಚು ಇಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಬಿಟ್ಟುಕೊಟ್ಟದ್ದು ಬೀಜದ ಮೇಲಿನ ಹಿಡಿತ. ಒಂದು ಹಂತದಲ್ಲಿ 450 ಗ್ರಾಂ ಬೀಜದ ಪೊಟ್ಟಣಕ್ಕೆ ₹1,600ರ ಮೇಲೆ ಬೆಲೆ ಇತ್ತು, ಅದರಲ್ಲಿ ₹1,250 ಜೀನಿನ ರಾಯಧನ.

ಆ ಪೊಟ್ಟಣದ ಜೊತೆ ಇನ್ನೊಂದು ಪುಟ್ಟ ಪೊಟ್ಟಣ ಬರುತ್ತಿತ್ತು, 120 ಗ್ರಾಂನದು, ಬಿಟಿ ಅಲ್ಲದ ಹತ್ತಿಯದು. ಹೊಲದ ಸುತ್ತ ಅದನ್ನು ಬಿತ್ತಬೇಕು. ಅಲ್ಲಿ ಬದುಕುವ ಸಾಧಾರಣ ಹುಳುಗಳು ಬಿಟಿಗೆ ಒಗ್ಗಿದ ಹುಳುಗಳ ಜೊತೆ ಕೂಡಿದರೆ ಒಗ್ಗಿದವುಗಳ ಸಂಖ್ಯೆ ಬೇಗ ಬೆಳೆಯುವುದಿಲ್ಲ ಎಂಬುದು ಉಪಾಯ. ಹುಳುವಿಗೆಂದೇ ಒಂದಷ್ಟು ಸಾಲು ಬಿಡಿ ಎಂದರೆ ಎರಡೆಕರೆಯವನು ಬಿಟ್ಟಾನೆಯೇ? ಬಹಳ ಕಡೆ ಆ ಪೊಟ್ಟಣ ಬದುವಿಗೆ ಬಿತ್ತು. ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಜೀರ್ಣಿಸಿಕೊಂಡಿತು, ಬಳಿಕ ಎರಡು ಜೀನಿರುವ ಬೋಲ್‌ಗಾರ್ಡ್-2ನ್ನೂ. ಈಗ ರಾಯಚೂರಿನ ಹತ್ತಿ ಬೆಳೆಗಾರ ಬಿಟಿ ಬೀಜಕ್ಕೂ ದುಡ್ಡು ಕೊಟ್ಟು, ಔಷಧಿಯನ್ನೂ ಹೊಡೆಯುತ್ತಾನೆ.

ಕುಲಾಂತರಿ ನಮ್ಮ ತಟ್ಟೆಗೆ ಬಂದಿಲ್ಲ ಎಂದುಕೊಂಡವರಿಗೆ ಒಂದು ಮಾತು. ಬಿಟಿ ಹತ್ತಿಯ ಬೀಜದಿಂದಲೇ ಎಣ್ಣೆ ತೆಗೆಯುತ್ತೇವೆ, ಹಿಂಡಿಯನ್ನು ಎಮ್ಮೆಗೆ ಹಾಕುತ್ತೇವೆ. ಅರ್ಜೆಂಟೀನ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆಯ ಮೂಲವೂ ಬಹುಪಾಲು ಕುಲಾಂತರಿಯೇ. ಸಂಸ್ಕರಿಸಿದ ಎಣ್ಣೆಯಲ್ಲಿ ಜೀನಾಗಲೀ ಪ್ರೋಟೀನಾಗಲೀ ಇಲ್ಲವೆನ್ನುವಷ್ಟು ಕಡಿಮೆ, ಹೆದರಿಕೆ ಬೇಡ. ಆದರೆ ಕುಲಾಂತರಿ ಆಹಾರದ ಪೊಟ್ಟಣದ ಮುಖದ ಮೇಲೆ ‘ಜಿಎಂ’ ಎಂದು ಬರೆಯಬೇಕೆಂಬ ನಿಯಮ 2013ರ ಜನವರಿ 1ರಿಂದಲೇ ಇದೆ. ಅಂಥ ಪೊಟ್ಟಣವನ್ನು ನಮ್ಮೂರ ಕಿರಾಣಿ ಅಂಗಡಿಯಲ್ಲಿ ನಾನಂತೂ ಕಂಡಿಲ್ಲ. ಇನ್ಸುಲಿನ್ ಬಾಟಲಿ ತೋರುವ ಪ್ರಾಮಾಣಿಕತೆಯನ್ನು ಎಣ್ಣೆ ಪ್ಯಾಕೆಟ್ಟು ತೋರುವುದಿಲ್ಲ.

ಹಾಗಾದರೆ ಗೆರೆ ಇರುವುದು ಔಷಧಕ್ಕೂ ಆಹಾರಕ್ಕೂ ನಡುವೆಯೇ? ಅಲ್ಲ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದಾಗ, ಕುಲಾಂತರಿ ಬೆಳೆಗಳ ವಕೀಲಿ ಮಾಡುತ್ತಿದ್ದ ವಿಜ್ಞಾನಿಗಳೂ ಕೆರಳಿದರು, ಚೀನಾ ಆತನನ್ನು ಜೈಲಿಗೆ ಹಾಕಿತು. ಆ ತಿದ್ದುಪಡಿ ಆ ಮಕ್ಕಳಲ್ಲಿ ನಿಲ್ಲದೆ ಅವರ ಮಕ್ಕಳಿಗೂ ಹೋಗಬಹುದು, ಯಾರೂ ಅವರನ್ನು ಕೇಳಿರಲಿಲ್ಲ. ಅದೇ, ರಕ್ತದ ಕ್ಯಾನ್ಸರ್ ರೋಗಿಯ ಟಿ-ಕಣಗಳನ್ನು ಹೊರತೆಗೆದು, ಜೀನ್ ಸೇರಿಸಿ, ಮರಳಿ ಅದೇ ದೇಹಕ್ಕೆ ಬಿಡುವ ಕಾರ್-ಟಿ ಚಿಕಿತ್ಸೆಗೆ ಯಾರ ತಕರಾರೂ ಇಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್-19 2023ರಲ್ಲಿ ಒಪ್ಪಿಗೆ ಪಡೆಯಿತು, ವಿದೇಶದ ಬೆಲೆಯ ಹತ್ತನೇ ಒಂದು ಪಾಲಿಗೆ ಸಿಗುತ್ತದೆ ಎಂದು ತಯಾರಕರು ಹೇಳಿಕೊಂಡರು. ಅದು ಕೂಡ ಲಕ್ಷಗಳ ಲೆಕ್ಕ. ಕುಡುಗೋಲು ಕಣ ರಕ್ತಹೀನತೆಗೆ ಅದೇ ವರ್ಷ ಬ್ರಿಟನ್ನಿನಲ್ಲಿ ಮೊದಲ ಒಪ್ಪಿಗೆ ಪಡೆದ ಕ್ಯಾಸ್‌ಜೆವಿ ಎಂಬ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಚಾಮರಾಜನಗರದ ಹಾಡಿಗಳಲ್ಲೂ ಈ ಕಾಯಿಲೆ ಇದೆ. ಅಲ್ಲಿನವರಿಗೆ ಜೀನ್ ತಿದ್ದುವುದು ಸರಿಯೋ ತಪ್ಪೋ ಎಂಬ ಚರ್ಚೆಗಿಂತ ಆ ಬಿಲ್ಲು ದೊಡ್ಡದು.

ಆ ಹಿರಿಯರ ಲೆಕ್ಕಾಚಾರ ಇಷ್ಟೇ: ಬದಲಾವಣೆ ಒಂದು ದೇಹದಲ್ಲಿ, ಒಂದು ಟ್ಯಾಂಕಿನಲ್ಲಿ ನಿಂತರೆ ಅದು ನನ್ನ ಆಯ್ಕೆ. ಬೀಜದಿಂದ ಬೀಜಕ್ಕೆ, ಹೊಲದಿಂದ ಹೊಲಕ್ಕೆ ನಡೆದು ಹೋಗುವಂತಿದ್ದರೆ ಊರನ್ನೆಲ್ಲ ಕೇಳಬೇಕು.

ಮುಂದಿನ ಪರೀಕ್ಷೆ ಭತ್ತದ್ದು. 2025ರ ಮೇ 4ರಂದು ಕೇಂದ್ರ ಸರ್ಕಾರ ಎರಡು ಜೀನೋಮ್ ತಿದ್ದಿದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದಾದ ‘ಕಮಲಾ’ ರೂಪುಗೊಂಡದ್ದು ಸಾಂಬಾ ಮಸೂರಿಯಿಂದ, ಅಂದರೆ ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ ಎಂದು ಕರೆದು ವರ್ಷಗಳಿಂದ ಬೆಳೆಯುತ್ತಿರುವ ತಳಿಯಿಂದ. ಇದರಲ್ಲಿ ಹೊರಗಿನ ಜೀವಿಯ ಜೀನಿಲ್ಲ, ಇದ್ದ ಜೀನನ್ನೇ ಕತ್ತರಿಸಿ ತಿದ್ದಿದ್ದಾರೆ. ಆ ಕಾರಣಕ್ಕೆ 2022ರಲ್ಲೇ ಇಂಥವನ್ನು ಕುಲಾಂತರಿ ನಿಯಮಗಳ ಬಿಗಿ ಪರಿಶೀಲನೆಯಿಂದ ಹೊರಗಿಟ್ಟಿದ್ದಾಗಿದೆ. ವಿಜ್ಞಾನದ ದೃಷ್ಟಿಯಿಂದ ವ್ಯತ್ಯಾಸ ನಿಜ, ನಾನು ಒಪ್ಪುತ್ತೇನೆ. ಆದರೆ ಹೀಗೆ ಜೀನ್ ತಿದ್ದಲು ಬಳಸುವ ಕ್ರಿಸ್ಪರ್ ಕತ್ತರಿಯ ಪೇಟೆಂಟು ವಿದೇಶಿ ಸಂಸ್ಥೆಗಳ ಕೈಯಲ್ಲಿದೆ. ಈ ಭತ್ತವನ್ನು ರೈತ ಮನೆಯಲ್ಲೇ ಬೀಜಕ್ಕೆ ಎತ್ತಿಟ್ಟುಕೊಳ್ಳಬಹುದೇ, ಪಕ್ಕದವನಿಗೆ ಕೊಡಬಹುದೇ, ರಾಯಧನ ಯಾರು ಯಾರಿಗೆ ಕಟ್ಟುತ್ತಾರೆ ಎಂಬುದನ್ನು ಬಿತ್ತನೆ ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬರುವ ಮೊದಲೇ, ಕನ್ನಡದಲ್ಲಿ, ಗೋಡೆಗೆ ಅಂಟಿಸಬೇಕು. ಒಂದು ಸಾರ್ವಜನಿಕ ಸಭೆಯನ್ನು ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಕರೆಯಬೇಕು. ಗದ್ದಲವಾದರೆ ಆಗಲಿ.