ಕಾವಲು ಪಡೆಗೆ ಕಡಿವಾಣ ಹಾಕುವ ಔಷಧಗಳು

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ನೇಕಾರರು ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಒಮ್ಮೆ ಕೂಡಿದ ಮೇಲೆ ಸೀರೆಯ ಒಡಲು ಸೆರಗನ್ನು ‘ನೀನು ಯಾರು?’ ಎಂದು ಕೇಳುವುದಿಲ್ಲ. ಆದರೆ ಮನುಷ್ಯನ ಒಡಲು ಕೇಳುತ್ತದೆ! ಹೆತ್ತ ತಾಯಿಯೇ ಮಗನಿಗೆ ಮೂತ್ರಪಿಂಡ ಕೊಟ್ಟರೂ ಮಗನ ದೇಹ ಅದನ್ನು ಪರಕೀಯವೆಂದೇ ಬಗೆಯುತ್ತದೆ.

ಇದು ನಮ್ಮ ರೋಗನಿರೋಧಕ ವ್ಯವಸ್ಥೆಯ ಕೆಲಸ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕಣಗಳು ಇತರ ಜೀವಕೋಶಗಳ ಮೇಲ್ಮೈಯಲ್ಲಿರುವ ಪ್ರೋಟೀನುಗಳನ್ನು ಗುರುತಿನ ಚೀಟಿಯಂತೆ ಪರಿಶೀಲಿಸುತ್ತವೆ. ಗುರುತು ಸಿಗದಿದ್ದರೆ ದಾಳಿ ಆರಂಭ. 1954ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ನಡೆಸಿದ ಮೂತ್ರಪಿಂಡ ಕಸಿ ಯಶಸ್ವಿಯಾದುದಕ್ಕೆ ಮುಖ್ಯ ಕಾರಣ, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳು. ಅವಳಿಗಳಿಲ್ಲದವರ ಗತಿ?

ಮಣ್ಣಿನಲ್ಲಿ ಸಿಕ್ಕ ಮದ್ದು

ಮೊದಲು ನೆರವಾದದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಅಜಾಥಿಯೋಪ್ರಿನ್. ಬಳಿಕ ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಿಂದ ಸೈಕ್ಲೋಸ್ಪೋರಿನ್ ದೊರೆಯಿತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಮೇಲೆ ಕಸಿ ಶಸ್ತ್ರಕ್ರಿಯೆಯ ಚಿತ್ರವೇ ಬದಲಾಯಿತು. 1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೊಲಿಮಸ್ ಬಂತು. ಇಂಥ ಔಷಧಗಳನ್ನು ಹುದುಗಿಸುವ ವಿಧಾನದಿಂದ ತಯಾರಿಸುವವರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಒಂದು.

ಕಸಿಯಾದವರಿಗಷ್ಟೇ ಇವು ಬೇಕೆಂದಲ್ಲ. ಕೆಲವೊಮ್ಮೆ ಕಾವಲು ಪಡೆ ಸ್ವಂತ ಮನೆಯ ಮೇಲೆಯೇ ತಿರುಗಿಬೀಳುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್ ಇಂಥವು. ಮೂತ್ರದಲ್ಲಿ ಪ್ರೋಟೀನು ಸೋರಿ ಮಕ್ಕಳ ಮುಖ, ಕಾಲು ಊದುವ ನೆಫ್ರೋಟಿಕ್ ಕಾಯಿಲೆಗೂ ಸ್ಟೀರಾಯ್ಡ್ ಕೊಡುತ್ತಾರೆ.

ಎರಡು ಅಲಗಿನ ಕತ್ತಿ

ಕಾವಲುಗಾರನ ಕೈ ಕಟ್ಟಿದರೆ ಕಳ್ಳನಿಗೆ ದಾರಿ ಸುಲಭ. ಈ ಔಷಧ ಸೇವಿಸುವವರಿಗೆ ಸೋಂಕು ಬೇಗ ತಗಲುತ್ತದೆ, ಬೇಗ ಉಲ್ಬಣಿಸುತ್ತದೆ. ಆದ್ದರಿಂದ ಸಣ್ಣ ಜ್ವರವನ್ನೂ ಅಲಕ್ಷಿಸುವಂತಿಲ್ಲ. ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಅಥವಾ ದಡಾರ ಬಂದರೆ ಇಂಥ ಮಗುವಿನ ಪಾಲಕರು ಕೂಡಲೇ ವೈದ್ಯರಿಗೆ ತಿಳಿಸಬೇಕು. ಲಸಿಕೆ ಹಾಕಿಸುವ ಮೊದಲೂ ಕೇಳಬೇಕು. ಜೀವಂತ ರೋಗಾಣುವಿರುವ ಲಸಿಕೆಗಳು ಇವರಿಗೆ ಅಪಾಯ ತರಬಹುದು.

ಅದಕ್ಕಿಂತ ದೊಡ್ಡ ಅಪಾಯ, ‘ಈಗ ಆರಾಮಾಗೈತಿ’ ಎಂದು ಮಾತ್ರೆ ಬಿಡುವುದು. ಕಸಿಯಾಗಿ ಹತ್ತು ವರ್ಷ ಕಳೆದರೂ ದೇಹ ಹೊಸ ಅಂಗದ ಗುರುತನ್ನು ಒಪ್ಪಿಕೊಂಡಿರುವುದಿಲ್ಲ. ಔಷಧದಿಂದ ಸುಮ್ಮನಿರುತ್ತದೆ, ಅಷ್ಟೆ. ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೂ ಜೀವಕ್ಕೆ ಕುತ್ತು. ಅದನ್ನು ವೈದ್ಯರೇ ಹಂತ ಹಂತವಾಗಿ ಇಳಿಸಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ತಿಳಿಯದೆ ದಿನಾ ನುಂಗಿದರೆ ಅದೇ ವಿಷವಾದೀತು.

ಹುನಗುಂದ, ಬಾದಾಮಿ, ಇಳಕಲ್ ಕಡೆಯ ರೋಗಿಗಳು ತಜ್ಞ ವೈದ್ಯರನ್ನು ಕಾಣಲು ಬಾಗಲಕೋಟೆಗೆ, ಒಮ್ಮೊಮ್ಮೆ ಬೆಳಗಾವಿ, ಬೆಂಗಳೂರುಗಳಿಗೂ ಹೋಗಬೇಕಾಗುತ್ತದೆ. ಹೀಗಾಗಿ ಮಾತ್ರೆ ತೀರುವ ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ. ಬನಶಂಕರಿ ಜಾತ್ರೆಗೆ ಹೊರಟರೂ ಮಾತ್ರೆಯ ಡಬ್ಬಿ ಜೊತೆಗಿರಲಿ, ವೇಳೆ ತಪ್ಪದಿರಲಿ. ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ಸೇವಿಸುವವರಿಗೆ ಚಕ್ಕೋತ ಹಣ್ಣು ಬೇಡ. ಅದು ರಕ್ತದಲ್ಲಿ ಔಷಧದ ಪ್ರಮಾಣವನ್ನು ಏರಿಸಬಲ್ಲದು. ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಹೆಸರಿಲ್ಲದ ಗುಳಿಗೆ, ನಾಟಿ ಪುಡಿಗಳಂತೂ ಬೇಡವೇ ಬೇಡ.

ವಿದ್ಯಾರ್ಥಿಗಳಿಗೆ ಒಂದು ಮಾತು. ತರಗತಿಯ ಗೆಳೆಯನ ಮುಖ ಇದ್ದಕ್ಕಿದ್ದಂತೆ ಗುಂಡಗೆ ಊದಿಕೊಂಡರೆ ನಗಬೇಡಿ. ಅದು ಸ್ಟೀರಾಯ್ಡಿನ ಪರಿಣಾಮವಿರಬಹುದು. ಆ ನಗುವಿಗೆ ಅಂಜಿ ಅವನು ಕದ್ದುಮುಚ್ಚಿ ಮಾತ್ರೆ ಬಿಟ್ಟರೆ ಆಗುವ ಹಾನಿ ದೊಡ್ಡದು. ನೆಗಡಿಯಾದಾಗ ಅವನಿಂದ ಸ್ವಲ್ಪ ದೂರ ಕುಳಿತುಕೊಳ್ಳಿ. ಉಳಿದ ದಿನ ಪಕ್ಕದಲ್ಲೇ ಇರಿ.