ಅರಳಿ ಎಲೆಯ ಜಾಲರಿ

ಎಲೆ ಉದುರುವ ಕಾಲ ಎಂದರೆ ಮಕ್ಕಳ ಚಿತ್ರಪುಸ್ತಕಗಳಲ್ಲಿ ಅಕ್ಟೋಬರಿನ ಕೆಂಪು ಮೇಪಲ್. ನಮ್ಮಲ್ಲಿ ದಸರೆ, ದೀಪಾವಳಿಯ ಹೊತ್ತಿಗೆ ಮರಗಳು ಮಳೆ ಕುಡಿದು ಹಚ್ಚಗಿರುತ್ತವೆ. ಅರಳಿಕಟ್ಟೆಯ ಸುತ್ತ ಎಲೆ ಹಾಸುವುದು ಸಂಕ್ರಾಂತಿ ಕಳೆದ ಮೇಲೆ, ಶಿಶಿರದಲ್ಲಿ. ಎಲೆಯ ತಿರುಳು ಕಳೆದು ನರಗಳಷ್ಟೇ ಉಳಿಯುವ ಜಾಲರಿ ಮಾಡಲು ಅದೇ ಸಮಯ.

ಬಲಿತು ಹಳದಿಗೆ ತಿರುಗಿ ಆಗತಾನೆ ಬಿದ್ದ ಎಲೆಗಳನ್ನು ಮಕ್ಕಳೇ ಆರಿಸಲಿ. ಗರಿಗರಿಯಾಗಿ ಒಣಗಿದ್ದು, ಹುಳ ತಿಂದದ್ದು ಬೇಡ. ತುದಿಯ ಬಾಲ ಮುರಿದಿರಬಾರದು, ಅಂದವೆಲ್ಲ ಅಲ್ಲೇ ಇರುವುದು. ಕೆಲವು ಹರಿದೇ ಹರಿಯುತ್ತವೆ, ಹಾಗಾಗಿ ಹತ್ತಿಪ್ಪತ್ತು ಎಲೆ ಇರಲಿ.

ಬಕೆಟ್ಟಿನಲ್ಲಿ ನೀರು ತುಂಬಿ ಎಲೆ ಮುಳುಗಿಸಿ, ಮೇಲೊಂದು ಕಲ್ಲು ಹೇರಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಜಾಲರಿಗಿಂತ ಮೊದಲು ಸೊಳ್ಳೆಮರಿ ತಯಾರಾಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ನಾತ ಬರುತ್ತದೆ, ಬಕೆಟ್ಟು ಹಿತ್ತಿಲಲ್ಲೇ ಇರಲಿ. ಮೂರು ನಾಲ್ಕು ವಾರ ಬೇಕು. ಸೆಕೆ ಹೆಚ್ಚಿದಷ್ಟೂ ಬೇಗ.

ಒಳಗೆ ನಡೆಯುವುದು ಕೊಳೆಯುವ ಕೆಲಸ. ನೀರಿನ ಬ್ಯಾಕ್ಟೀರಿಯಾಗಳು ಎಲೆಯ ಮೆತ್ತನೆಯ ತಿರುಳನ್ನು ಕರಗಿಸುತ್ತವೆ. ನರಗಳಲ್ಲಿ ಲಿಗ್ನಿನ್ ಎಂಬ ಗಡಸು ವಸ್ತು ಇರುವುದರಿಂದ ಅವು ಅಷ್ಟು ಬೇಗ ಮಣಿಯುವುದಿಲ್ಲ. ಪುಂಡಿಯ ಕಾಂಡವನ್ನು ನೀರಲ್ಲಿ ಕೊಳೆಹಾಕಿ ಹಗ್ಗಕ್ಕೆ ನಾರು ತೆಗೆಯುವುದೂ ಇದೇ ಲೆಕ್ಕದ ಮೇಲೆ.

ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಮೇಲಿನ ಪೊರೆ ಜಾರಿ ಬಂದರೆ ಹದವಾಗಿದೆ ಎಂದರ್ಥ. ಊಟದ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಎಲೆಯನ್ನು ಅಗಲವಾಗಿ ಹರಡಿ. ಮೊದಲು ಎರಡೂ ಕಡೆಯ ಪೊರೆ ಬಿಡಿಸಬೇಕು. ಆಮೇಲೆ ಹಳೆಯ ಮೆತ್ತನೆಯ ಟೂತ್‌ಬ್ರಷ್‌ನಿಂದ ತಿರುಳನ್ನು ಮೆಲ್ಲಗೆ ತಟ್ಟಬೇಕು. ಉಜ್ಜಿದರೆ ಸಣ್ಣ ನರಗಳು ಕಿತ್ತುಬರುತ್ತವೆ. ನಡುನರದಿಂದ ಅಂಚಿನ ಕಡೆಗೆ ಹೋಗಲಿ. ಕಂದು ಲೋಳೆ ಬಿಟ್ಟುಕೊಂಡು ಅಡಿಯ ಸ್ಟೀಲು ಹೊಳೆಯತೊಡಗಿದಾಗ ಮಕ್ಕಳಿಗೆ ನಾತ ಮರೆತುಹೋಗುತ್ತದೆ.

ಅವಸರದವರು ಲೀಟರ್ ನೀರಿಗೆ ನಾಲ್ಕೈದು ಚಮಚ ವಾಷಿಂಗ್ ಸೋಡಾ ಹಾಕಿ, ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಸ್ಟೀಲ್ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಆದರೆ ಸೋಡಾ ಅದನ್ನು ತಿನ್ನುತ್ತದೆ. ಕೈಗವಸು ಹಾಕಿಕೊಂಡು ದೊಡ್ಡವರೇ ಮಾಡುವ ಕೆಲಸವಿದು. ನನಗಂತೂ ಬಕೆಟ್ಟಿನ ದಾರಿಯೇ ಇಷ್ಟ: ದಿನಾ ಮುಚ್ಚಳ ತೆಗೆದು ಇಣುಕುವ ಮಜಾ ಕುದಿಸುವುದರಲ್ಲಿಲ್ಲ.

ತೊಳೆದ ಜಾಲರಿಯನ್ನು ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಆರಿಸಿ, ಇನ್ನೂ ತುಸು ಪಸೆ ಇರುವಾಗಲೇ ಬಿಳಿ ಕಾಗದಗಳ ನಡುವೆ ಇಟ್ಟು ದಪ್ಪ ಪುಸ್ತಕ ಹೇರಿ. ಬಣ್ಣ ಬೇಕಿದ್ದರೆ ಅರಿಸಿನದ ನೀರಲ್ಲಿ ಅದ್ದಬಹುದು, ಆದರೆ ಬಿಸಿಲಿಗೆ ಅದು ಮಾಸುತ್ತದೆ. ಶುಭಾಶಯ ಪತ್ರಕ್ಕೆ ಅಂಟಿಸಿ ಸುತ್ತ ಬೀಜಗಳ ಅಂಚು ಕಟ್ಟುವುದಾದರೆ ರಾಗಿ, ಹೆಸರುಕಾಳು ಸಾಕು. ಗುಲಗಂಜಿ, ಹರಳು ಬೀಜ ಎಷ್ಟೇ ಚೆಂದ ಕಂಡರೂ ಬೇಡ. ಅಗಿದು ನುಂಗಿದರೆ ಎರಡೂ ವಿಷ.