ಸಿಎನ್‌ಸಿ ಯಂತ್ರದ ವೈರಿಂಗ್: ಸಣ್ಣ ಉದ್ದಿಮೆದಾರರು ಅರಿಯಬೇಕಾದುದು

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಬಾಗಿಲಿನ ಕೆತ್ತನೆ, ದೇವರ ಮಂಟಪ, ನಾಮಫಲಕಗಳ ಕೆಲಸಕ್ಕೆ ಸಿಎನ್‌ಸಿ ರೌಟರ್ ಕೊಳ್ಳಬಯಸುವ ಉದ್ದಿಮೆದಾರನಿಗೆ ಮೊದಲು ಎದುರಾಗುವುದು ಬೆಲೆಯ ಪ್ರಶ್ನೆ. ಅದಕ್ಕಿಂತ ಕಠಿಣವಾದ ಪ್ರಶ್ನೆ, ಯಂತ್ರ ನಿಂತರೆ ಯಾರನ್ನು ಕರೆಯುವುದು ಎಂಬುದು. ಗೃಹಪ್ರವೇಶಗಳ ಹಂಗಾಮಿನಲ್ಲಿ ಬೆಂಗಳೂರಿನ ತಂತ್ರಜ್ಞನಿಗಾಗಿ ನಾಲ್ಕು ದಿನ ಕಾದರೆ ಒಪ್ಪಿಕೊಂಡ ಕೆಲಸ ಕೈತಪ್ಪುತ್ತದೆ. ಪಡೆದ ಮುಂಗಡವನ್ನೂ ಹಿಂದಿರುಗಿಸಬೇಕಾದೀತು. ಇಂತಹ ನಷ್ಟಕ್ಕೆ ತಪ್ಪಾಗಿ ಜೋಡಿಸಿದ ಒಂದೇ ತಂತಿ ಸಾಕು.

ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ, 1962ರಲ್ಲಿ ಸಿಎಂಟಿಐ ಸ್ಥಾಪನೆಯಾದಂದಿನಿಂದ ಕರ್ನಾಟಕವು ಯಂತ್ರೋಪಕರಣ ಉದ್ಯಮದ ಪ್ರಮುಖ ನೆಲೆಯಾಗಿದೆ. ಆ ತಿಳಿವಳಿಕೆಯ ಒಂದಂಶವಾದರೂ ಯಂತ್ರವಿರುವ ಊರಿನಲ್ಲಿಯೇ ಲಭ್ಯವಿರುವುದು ಅವಶ್ಯಕ.

ಮೂರು ಘಟಕಗಳು

ಕಂಪ್ಯೂಟರ್ ಹೊರಡಿಸುವ ಪಲ್ಸ್‌ಗಳು ಕೇವಲ 5 ವೋಲ್ಟಿನ ದುರ್ಬಲ ಸಂಕೇತಗಳು. ಅವುಗಳನ್ನು ಪಡೆದು ಆಯಾ ಅಕ್ಷಕ್ಕೆ ಹಂಚುವುದು ಬ್ರೇಕ್‌ಔಟ್ ಬೋರ್ಡ್. ಆ ಸಂಕೇತದಂತೆ ಮೋಟಾರಿಗೆ ಬೇಕಾದ ಆಂಪಿಯರ್‌ಗಳನ್ನು ಪೂರೈಸುವುದು ಡ್ರೈವ್. ಸ್ಟೆಪ್ಪರ್ ಮೋಟಾರ್ ಒಂದೊಂದು ಪಲ್ಸ್‌ಗೆ ಒಂದೊಂದು ಹೆಜ್ಜೆ ತಿರುಗುತ್ತದೆ. ಹಳೆಯ ಬೋರ್ಡುಗಳು ಕಂಪ್ಯೂಟರಿನ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಜೋಡಣೆಯಾಗುತ್ತಿದ್ದವು; ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಅಪರೂಪವಾದುದರಿಂದ ಯುಎಸ್‌ಬಿ ಮಾದರಿಗಳು ಬಳಕೆಗೆ ಬಂದಿವೆ.

ಜೋಡಣೆಯ ಕ್ರಮ

ಡ್ರೈವ್‌ನಲ್ಲಿ ಪಲ್ಸ್, ದಿಕ್ಕು ಮತ್ತು ಎನೇಬಲ್ ಎಂಬ ಮೂರು ಸಂಕೇತಗಳಿಗೆ ಧನ, ಋಣ ಎಂದು ತಲಾ ಎರಡು ಟರ್ಮಿನಲ್‌ಗಳಿರುತ್ತವೆ. ಕೆಲವು ಬೋರ್ಡುಗಳಿಗೆ ಧನ ಟರ್ಮಿನಲ್‌ಗಳನ್ನು ಒಟ್ಟಾಗಿ 5 ವೋಲ್ಟಿಗೆ ಸೇರಿಸಿ, ಸಂಕೇತವನ್ನು ಋಣದ ಕಡೆ ಕೊಡಬೇಕು. ಇನ್ನು ಕೆಲವಕ್ಕೆ ಋಣ ಟರ್ಮಿನಲ್‌ಗಳನ್ನು ಗ್ರೌಂಡಿಗೆ ಸೇರಿಸಿ, ಸಂಕೇತವನ್ನು ಧನದ ಕಡೆ ಕೊಡಬೇಕು. ಬೋರ್ಡಿನ ಕೈಪಿಡಿಯನ್ನು ಓದದೆ ಊಹೆಯಿಂದ ಜೋಡಿಸಲಾಗದು. ಬಹುತೇಕ ಡ್ರೈವ್‌ಗಳಲ್ಲಿ ಎನೇಬಲ್ ಟರ್ಮಿನಲ್ ಖಾಲಿ ಬಿಟ್ಟರೂ ಮೋಟಾರ್ ಚಲಿಸುತ್ತದೆ.

ನಾಲ್ಕು ತಂತಿಯ ಮೋಟಾರಿನಲ್ಲಿ ಎರಡು ಕಾಯಿಲ್‌ಗಳಿವೆ. ಯಾವ ಎರಡು ತಂತಿಗಳು ಜೋಡಿ ಎಂಬುದನ್ನು ಮಲ್ಟಿಮೀಟರ್ ತೋರಿಸುತ್ತದೆ. ಜೋಡಿ ಅದಲುಬದಲಾದರೆ ಮೋಟಾರ್ ತಿರುಗದೆ ಬರಿದೆ ನಡುಗುತ್ತದೆ. ವಿರುದ್ಧ ದಿಕ್ಕಿಗೆ ತಿರುಗಿದರೆ ಒಂದೇ ಕಾಯಿಲ್‌ನ ಎರಡು ತಂತಿಗಳನ್ನು ಬದಲಿಸಿದರಾಯಿತು. ಆದರೆ ವಿದ್ಯುತ್ ಇರುವಾಗ ಮೋಟಾರಿನ ತಂತಿಯನ್ನು ಎಂದಿಗೂ ಕಳಚಬಾರದು. ಡ್ರೈವ್ ಸುಟ್ಟುಹೋಗುವ ಸಂಭವವುಂಟು. ಕರೆಂಟಿನ ಮಿತಿಯನ್ನು ಮೋಟಾರಿನ ಫಲಕದಲ್ಲಿರುವ ಅಂಕಿಗೆ ಅನುಗುಣವಾಗಿ ಡ್ರೈವ್‌ನ ಸ್ವಿಚ್ಚುಗಳಲ್ಲಿ ಹೊಂದಿಸಬೇಕು.

ಅಳತೆಯ ಲೆಕ್ಕ

1.8 ಡಿಗ್ರಿಯ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವ್‌ನಲ್ಲಿ ಹೆಜ್ಜೆಯನ್ನು 8 ಭಾಗ ಮಾಡಿದ್ದರೆ 1600 ಪಲ್ಸ್ ಬೇಕು. ಸ್ಕ್ರೂ ಸುತ್ತಿಗೆ 5 ಮಿ.ಮೀ. ಸರಿಯುವುದಾದರೆ ಒಂದು ಮಿ.ಮೀ.ಗೆ 320 ಪಲ್ಸ್. ತಂತ್ರಾಂಶದಲ್ಲಿ 160 ಎಂದು ನಮೂದಿಸಿದರೆ 100 ಮಿ.ಮೀ. ಸರಿಯಬೇಕಾದ ಅಕ್ಷ 50 ಮಿ.ಮೀ.ಗೇ ನಿಲ್ಲುತ್ತದೆ.

ಸಾಮಾನ್ಯ ಸ್ಟೆಪ್ಪರ್ ಮೋಟಾರ್ ತಾನು ತಪ್ಪಿದ ಹೆಜ್ಜೆಯನ್ನು ಕಂಪ್ಯೂಟರಿಗೆ ತಿಳಿಸುವುದಿಲ್ಲ. ಸಡಿಲವಾದ ಸ್ಕ್ರೂ ಅಥವಾ ಸ್ಪಿಂಡಲ್‌ನ ವಿಎಫ್‌ಡಿಯಿಂದ ಬರುವ ವಿದ್ಯುತ್ ಗೊಂದಲದಿಂದ ಹೆಜ್ಜೆ ತಪ್ಪಿದರೆ, ತೇಗದ ಹಲಗೆ ಹಾಳಾದ ಮೇಲೆಯೇ ಅದು ತಿಳಿಯುವುದು. ಆದುದರಿಂದ ಸಂಕೇತದ ತಂತಿಗಳನ್ನು ವಿಎಫ್‌ಡಿ ಕೇಬಲ್‌ನಿಂದ ದೂರವಿರಿಸಿ, ಶೀಲ್ಡ್ ಕೇಬಲ್ ಬಳಸಿ, ಅದರ ಶೀಲ್ಡನ್ನು ಪ್ಯಾನೆಲ್‌ನ ಕಡೆ ಮಾತ್ರ ಅರ್ಥ್ ಮಾಡುವುದು ಉತ್ತಮ. ತುರ್ತು ನಿಲುಗಡೆಯ ಗುಂಡಿ ತಂತ್ರಾಂಶಕ್ಕೆ ಸೂಚನೆ ಕೊಟ್ಟರೆ ಸಾಲದು, ಡ್ರೈವ್‌ಗಳ ವಿದ್ಯುತ್ತನ್ನೂ ಕಡಿತಗೊಳಿಸಬೇಕು.

ಯಂತ್ರವನ್ನು ಒಪ್ಪಿಸಿಕೊಳ್ಳುವ ದಿನವೇ ಪ್ರತಿ ತಂತಿಗೆ ಸಂಖ್ಯೆ ಹಚ್ಚಿಸಿ, ವೈರಿಂಗ್ ನಕ್ಷೆಯ ಪ್ರತಿಯೊಂದನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿಕೊಳ್ಳಬೇಕು. ಸ್ವಿಚ್ಚುಗಳ ಸ್ಥಿತಿಯನ್ನೂ ಅದರಲ್ಲಿ ಬರೆದಿಡಬೇಕು. ಪ್ರತಿಯಾಗಿ ಒಂದು ಹೆಚ್ಚುವರಿ ಡ್ರೈವ್ ಅಂಗಡಿಯಲ್ಲಿದ್ದರೆ, ಊರಿನ ಎಲೆಕ್ಟ್ರಿಷಿಯನ್ನೇ ನಕ್ಷೆ ನೋಡಿ ಅದನ್ನು ಬದಲಿಸಬಲ್ಲನು. ನಾಲ್ಕು ದಿನದ ಕಾಯುವಿಕೆ ಅರ್ಧ ದಿನದ ದುರಸ್ತಿಗೆ ಇಳಿಯುತ್ತದೆ, ಗಿರಾಕಿಗೆ ಕೊಟ್ಟ ಮಾತೂ ಉಳಿಯುತ್ತದೆ.